ಹೊಸ ಬೈಕಿನ ಮೊದಲ ಸರ್ವೀಸ್: ಮೊದಲು ಟ್ಯಾಪೆಟ್, ಆಮೇಲೆ ಆಯಿಲ್

ಆಯುಧಪೂಜೆಯ ಹೊತ್ತಿಗೆ ಚಕ್ರದಡಿ ನಿಂಬೆಹಣ್ಣು ಇಟ್ಟು ಷೋರೂಮಿನಿಂದ ಹೊರಟ ಬೈಕುಗಳೆಲ್ಲ ದೀಪಾವಳಿ ಕಳೆಯುತ್ತಿದ್ದಂತೆ ಒಟ್ಟಿಗೇ ಸರ್ವೀಸ್ ಸೆಂಟರಿನ ಮುಂದೆ ಸಾಲುಗಟ್ಟುತ್ತವೆ. ಆ ನೂಕುನುಗ್ಗಲಿನಲ್ಲಿ ಆಯಿಲ್ ಬದಲಿಸಿ, ನೀರು ಹೊಡೆದು, ಬಟ್ಟೆಯಲ್ಲಿ ಒರೆಸಿ ಕೊಟ್ಟರೆ ಮೊದಲ ಸರ್ವೀಸ್ ಮುಗಿಯಿತು ಎಂಬಂತಾಗಿದೆ. ಗ್ರಾಹಕರೂ ಅಷ್ಟಕ್ಕೇ ತೃಪ್ತಿಪಟ್ಟು ಬೈಕ್ ಏರುತ್ತಾರೆ. ಎಂಜಿನ್ ಮುಂದೆ ಎಷ್ಟು ವರ್ಷ ಸದ್ದಿಲ್ಲದೆ ದುಡಿಯುತ್ತದೆ ಎಂಬುದರಲ್ಲಿ ಈ ಸರ್ವೀಸಿನ ಪಾಲು ದೊಡ್ಡದು. ಇದರಲ್ಲಿ ಯಾವ ಕೆಲಸ ಯಾವುದರ ನಂತರ ಆಗಬೇಕು ಎಂಬ ಕ್ರಮವೂ ಇದೆ. ಕ್ರಮ ತಪ್ಪಿದರೆ ಕೆಲಸ ಮಾಡಿಯೂ ಮಾಡದಂತೆಯೇ.

ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಒಳಗೆ ಏನು ನಡೆದಿರುತ್ತದೆ ಎಂದು ತಿಳಿದಿದ್ದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹೊಸ ಸಿಲಿಂಡರಿನ ಒಳಗೋಡೆ ಕನ್ನಡಿಯಷ್ಟು ನುಣುಪಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಅದರ ಮೇಲೆ ಬೇಕೆಂದೇ ಅಡ್ಡಡ್ಡ ಸಣ್ಣ ಗೆರೆಗಳನ್ನು ಕೊರೆದಿರುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ರಿಂಗುಗಳು ಆ ಗೆರೆಗಳ ಏಣುಗಳನ್ನು ಸವೆಸುತ್ತ, ತಾವೂ ಸವೆಯುತ್ತ ಗೋಡೆಗೆ ಹೊಂದಿಕೊಳ್ಳುತ್ತವೆ. ಗೇರಿನ ಹಲ್ಲುಗಳು, ಕ್ಲಚ್ ಪ್ಲೇಟುಗಳು ಕೂಡ ಇದೇ ರೀತಿ ಒಂದಕ್ಕೊಂದು ಪಳಗುತ್ತವೆ. ಹೀಗೆ ಉದುರಿದ ಲೋಹದ ಪುಡಿಯೆಲ್ಲ ಸೇರುವುದು ಆಯಿಲಿಗೆ. ಕಾರಿನಲ್ಲಿ ಮೂರು ನಾಲ್ಕು ಲೀಟರ್ ಆಯಿಲ್ ಎಂಜಿನ್ನಿಗಷ್ಟೇ ಮೀಸಲು. 100 ಸಿಸಿ ಬೈಕಿನಲ್ಲಾದರೋ ಸುಮಾರು ಒಂದು ಲೀಟರ್ ಆಯಿಲೇ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಸಾಕಾಗಬೇಕು. ಮೊದಲ ಆಯಿಲನ್ನು ಬೇಗ ಇಳಿಸುವುದು ಅದಕ್ಕಾಗಿಯೇ.

ಯಾವಾಗ ಒಯ್ಯಬೇಕು

ರಾಯಲ್ ಎನ್‌ಫೀಲ್ಡ್ 350ಕ್ಕೆ 500 ಕಿ.ಮೀ. ಅಥವಾ 45 ದಿನ. ಹೀರೋ ಸ್ಪ್ಲೆಂಡರಿಗೆ 500ರಿಂದ 750 ಕಿ.ಮೀ. ಅಥವಾ 60 ದಿನ. ಉಳಿದ ಬೈಕುಗಳ ಲೆಕ್ಕವೂ ಹೆಚ್ಚುಕಡಿಮೆ 500ರಿಂದ 1000 ಕಿ.ಮೀ. ಒಳಗೇ ಇರುತ್ತದೆ. ಕಿಲೋಮೀಟರ್, ದಿನ ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಮಾತ್ರ ಓಡಿಸುವವರು ಮೀಟರ್ ನೋಡುತ್ತ ಕೂತು ದಿನದ ಗಡುವನ್ನು ಮರೆಯುತ್ತಾರೆ. ಮುಂದೆ ವಾರಂಟಿ ಕೇಳಲು ಹೋದಾಗ ಸರ್ವೀಸ್ ಪುಸ್ತಕದ ಮೊದಲ ಪುಟವೇ ಖಾಲಿ ಕಾಣುತ್ತದೆ. ಷೋರೂಮಿನಿಂದ ತಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ. ಹಬ್ಬಕ್ಕೆ ಕೊಂಡ ಬೈಕಾದರೆ ಗಡುವಿಗೆ ಒಂದು ವಾರ ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಮನೆಯ ಹಿರಿಯರ ಒಂದು ಸಲಹೆಯ ಬಗ್ಗೆಯೂ ಹೇಳಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಓಡಿಸಿದವರು ‘ಹೊಸ ಬೈಕಿಗೆ ಪೆಟ್ರೋಲಿನ ಜೊತೆ ಸ್ವಲ್ಪ ಆಯಿಲ್ ಹಾಕಪ್ಪ, ಎಂಜಿನ್ ಹಿಡಿಯುವುದಿಲ್ಲ’ ಎನ್ನುವುದುಂಟು. ಅವರ ಕಾಲಕ್ಕೆ ಆ ಮಾತು ಸರಿ. ಅವು ಟು ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನಲ್ಲಿ ಬೆರೆತ ಆಯಿಲೇ ಪಿಸ್ಟನ್ನಿಗೆ ಜಾರುವಿಕೆ ಕೊಡುತ್ತಿತ್ತು. ಇಂದಿನ ಫೋರ್ ಸ್ಟ್ರೋಕ್ ಬೈಕಿಗೆ ಅದು ಬೇಡವೇ ಬೇಡ. ಟ್ಯಾಂಕಿಗೆ ಸುರಿದ ಆಯಿಲ್ ಸ್ಪಾರ್ಕ್ ಪ್ಲಗ್ಗನ್ನೂ ಸೈಲೆನ್ಸರಿನೊಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ.

ಹಿಂದಿನ ದಿನವೇ ಒಂದು ಪಟ್ಟಿ

ಸರ್ವೀಸ್ ಸೆಂಟರಿನಲ್ಲಿ ಬರೆಸುವ ಜಾಬ್ ಕಾರ್ಡಿನಲ್ಲಿ ಏನಿರುತ್ತದೋ ಅಷ್ಟನ್ನೇ ಮೆಕ್ಯಾನಿಕ್ ಮಾಡುವುದು. ‘ಜನರಲ್ ಚೆಕಪ್’ ಎಂದು ಬರೆಸಿದರೆ ಯಾರೂ ಯಾವುದನ್ನೂ ವಿಶೇಷವಾಗಿ ನೋಡುವುದಿಲ್ಲ. ಗಮನಕ್ಕೆ ಬಂದದ್ದನ್ನು ಸ್ಪಷ್ಟವಾಗಿ ಹೇಳಿ: ಎರಡನೇ ಗೇರಿನಿಂದ ನ್ಯೂಟ್ರಲ್‌ಗೆ ಬೀಳುವುದು ಕಷ್ಟ, 50ರ ವೇಗದಲ್ಲಿ ಹ್ಯಾಂಡಲ್ ಅದುರುತ್ತದೆ, ಬೆಳಿಗ್ಗೆ ಎರಡು ಸಲ ಸೆಲ್ಫ್ ಹೊಡೆಯಬೇಕು, ಹೀಗೆ. ಓನರ್ಸ್ ಮ್ಯಾನ್ಯುಯಲ್‌ನ ಕೊನೆಯ ಭಾಗದಲ್ಲಿ ಸರ್ವೀಸ್ ಕೋಷ್ಟಕ ಇರುತ್ತದೆ. ಮೊದಲ ಸರ್ವೀಸಿನ ಅಂಕಣದಲ್ಲಿ ಯಾವುದನ್ನು ಬದಲಿಸಬೇಕು, ಯಾವುದನ್ನು ಪರೀಕ್ಷಿಸಬೇಕು ಎಂದು ಅದರಲ್ಲೇ ಗುರುತಿದೆ. ಆ ಪುಟದ ಫೋಟೊ ತೆಗೆದುಕೊಂಡು ಹೋಗಿ.

ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್

ಇದೇ ಹೆಚ್ಚಾಗಿ ತಪ್ಪುವ ಕೆಲಸ. ಸಿಲಿಂಡರಿನ ಬಾಗಿಲಿನಂತೆ ತೆರೆದು ಮುಚ್ಚುವ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ಎಂಬ ಸನ್ನೆಯ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಈ ಸಂದನ್ನು ಸರಿಯಾಗಿಡುವುದೇ ಟ್ಯಾಪೆಟ್ ಸೆಟ್ಟಿಂಗ್. ಮಿಲಿಮೀಟರಿನ ನೂರನೇ ಒಂದು ಭಾಗಗಳ ಲೆಕ್ಕ ಅದು. ಹೊಸ ಎಂಜಿನ್ನಿನಲ್ಲಿ ವಾಲ್ವ್ ತನ್ನ ಪೀಠದಲ್ಲಿ ಕುಳಿತು ಕುಳಿತು ಸ್ವಲ್ಪ ಒಳಸರಿಯುವುದರಿಂದ ಈ ಸಂದು ಕಿರಿದಾಗುತ್ತ ಹೋಗಬಹುದು. ಸಂದು ಹೆಚ್ಚಿದ್ದರೆ ‘ಟಕ ಟಕ’ ಸದ್ದು ಬಂದು ತಾನಾಗಿಯೇ ದೂರು ಕೊಡುತ್ತದೆ. ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ಉರಿಯುವ ಅನಿಲ ಅದರ ಅಂಚಿನಲ್ಲಿ ನುಸುಳಿ, ಅಂಚನ್ನೇ ಸುಡುತ್ತದೆ. ಆದ್ದರಿಂದ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ ಅಪಾಯಕಾರಿ.

ಈ ಸಂದನ್ನು ಅಳೆಯುವುದು ಫೀಲರ್ ಗೇಜ್ ಎಂಬ ತೆಳು ಲೋಹದ ಪಟ್ಟಿಗಳಿಂದ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಬೈಕ್ ಕೊಟ್ಟು, ಅರ್ಧ ಗಂಟೆಯಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಮುಗಿಸಿಕೊಂಡರೆ ಬಿಸಿ ಲೋಹವನ್ನು ಅಳೆದಂತಾಗುತ್ತದೆ. ಆ ಅಳತೆಗೆ ಅರ್ಥವಿಲ್ಲ. ಹಿಂದಿನ ಸಂಜೆಯೇ ಬೈಕ್ ಬಿಟ್ಟು ಬರುವುದು ಉತ್ತಮ. ಆಗದಿದ್ದರೆ ಬೆಳಿಗ್ಗೆ ಬಿಟ್ಟು, ಮಧ್ಯಾಹ್ನದ ಮೇಲೆ ಟ್ಯಾಪೆಟ್ ನೋಡಲಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ನಿಮ್ಮ ಬೈಕಿನ ಮೊದಲ ಸರ್ವೀಸಿನಲ್ಲಿ ಈ ಕೆಲಸ ಇದೆಯೋ ಇಲ್ಲವೋ ಎಂಬುದಕ್ಕೆ ಮ್ಯಾನ್ಯುಯಲ್‌ನ ಕೋಷ್ಟಕವೇ ಪ್ರಮಾಣ.

ಎಂಜಿನ್ ಬೆಚ್ಚಗಾದ ಮೇಲೆ ಆಯಿಲ್

ಟ್ಯಾಪೆಟ್ ಮುಗಿದ ನಂತರ ಎಂಜಿನ್ನನ್ನು ಎರಡು ಮೂರು ನಿಮಿಷ ಚಾಲೂ ಇಡಬೇಕು. ಬೆಚ್ಚಗಾದ ಆಯಿಲ್ ತೆಳ್ಳಗಾಗಿ, ತಳದಲ್ಲಿ ಕುಳಿತ ಪುಡಿಯನ್ನೂ ಎಬ್ಬಿಸಿಕೊಂಡು ಇಳಿಯುತ್ತದೆ. ಬೈಕನ್ನು ಡಬಲ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ ಎಂಜಿನ್ ತಳದ ಡ್ರೈನ್ ಬೋಲ್ಟ್ ಬಿಚ್ಚಿ, ಧಾರೆ ಹನಿಯಾಗಿ, ಹನಿ ನಿಲ್ಲುವವರೆಗೆ ಬಿಡಬೇಕು. ಅವಸರಪಡುವ ಕೈಗಳು ಧಾರೆ ಸಣ್ಣಗಾದ ಕೂಡಲೇ ಬೋಲ್ಟ್ ಹಾಕಿಬಿಡುತ್ತವೆ.

ಈ ಹೊತ್ತಿನಲ್ಲಿ ನೀವು ಅಲ್ಲಿ ನಿಂತಿದ್ದರೆ ಒಂದು ಕೆಲಸ ಮಾಡಿ. ಇಳಿದ ಆಯಿಲಿನ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿಸಿಕೊಂಡು ಬಿಸಿಲಿಗೆ ಹಿಡಿಯಿರಿ. ಬಣ್ಣ ಕಪ್ಪಾಗಿದ್ದು, ಅದರೊಳಗೆ ರಂಗೋಲಿ ಪುಡಿಗಿಂತಲೂ ನಯವಾದ ಬೆಳ್ಳಿ ಮಿಂಚು ಕಂಡರೆ ಗಾಬರಿ ಬೇಡ. ರಿಂಗುಗಳು ಕೂತ ಗುರುತು ಅದು. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ಲೇಹ್ಯದಂಥದ್ದು ಮೆತ್ತಿರುತ್ತದೆ, ಅದೂ ಸಹಜ. ಬೆರಳ ನಡುವೆ ತಿಕ್ಕಿದಾಗ ಚುಚ್ಚುವಂಥ ಚೂರು ಸಿಕ್ಕಿದರೆ ಮಾತ್ರ ಸರ್ವೀಸ್ ಮೇಲ್ವಿಚಾರಕರನ್ನು ಕರೆದು ತೋರಿಸಿ, ಫೋಟೊ ತೆಗೆದು, ಜಾಬ್ ಕಾರ್ಡಿನಲ್ಲಿ ದಾಖಲಿಸಿ.

ಡ್ರೈನ್ ಬೋಲ್ಟಿನ ವಾಷರ್ ಹೊಸದಾಗಿರಲಿ. ಬೋಲ್ಟ್ ಕೂರುವ ಎಂಜಿನ್ ಕವಚ ಅಲ್ಯೂಮಿನಿಯಂ. ಉದ್ದ ಸ್ಪ್ಯಾನರಿನಿಂದ ಬಲ ಹಾಕಿ ತಿರುಗಿಸಿದರೆ ಅದರ ಥ್ರೆಡ್ ಕಿತ್ತುಹೋಗುತ್ತದೆ. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಬಳಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೋಷ್ಟಕದಲ್ಲಿ ಆಯಿಲ್ ಫಿಲ್ಟರ್ ಬದಲಿಸಲು ಹೇಳಿದ್ದರೆ ಅದೂ ಇದೇ ಹೊತ್ತಿಗೆ ಆಗಬೇಕು. ಹಳೆಯ ಫಿಲ್ಟರಿನಲ್ಲಿ ಪುಡಿ ಉಳಿಸಿಕೊಂಡು ಹೊಸ ಆಯಿಲ್ ಸುರಿದು ಏನು ಲಾಭ?

ಹಾಕುವ ಆಯಿಲಿನ ಡಬ್ಬಿಯ ಹಿಂಬದಿ ಓದಿ. 10ಡಬ್ಲ್ಯು-30, 20ಡಬ್ಲ್ಯು-50 ಮುಂತಾದ ಅಂಕಿಗಳು ಮ್ಯಾನ್ಯುಯಲ್‌ನಲ್ಲಿ ಇರುವಂತೆಯೇ ಇರಬೇಕು. ಜೊತೆಗೆ ಅಲ್ಲಿ ಹೇಳಿದ ಜಾಸೋ (ಜಪಾನಿನ ವಾಹನ ಮಾನದಂಡ) ದರ್ಜೆಯೂ, ಅಂದರೆ ಸಾಮಾನ್ಯವಾಗಿ ಎಂಎ ಅಥವಾ ಎಂಎ2, ಇರಬೇಕು. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುವುದರಿಂದ ಕ್ಲಚ್ ಜಾರಲು ಶುರುವಾಗಬಹುದು. ‘ಇದು ದುಬಾರಿ ಆಯಿಲ್, ಒಳ್ಳೆಯದು’ ಎಂದವರ ಮಾತಿಗಿಂತ ಡಬ್ಬಿಯ ಮೇಲಿನ ಅಕ್ಷರವನ್ನು ನಂಬಿ.

ಮಟ್ಟ ನೋಡುವಾಗಲೂ ಒಂದು ಸೂಕ್ಷ್ಮವಿದೆ. ಎಂಜಿನ್ ಸ್ವಲ್ಪ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಬೇಕು. ಸ್ಪ್ಲೆಂಡರಿನಂಥ ಬೈಕುಗಳಲ್ಲಿ ಆಯಿಲ್ ಅಳೆಯುವ ಕಡ್ಡಿಯನ್ನು (ಡಿಪ್‌ಸ್ಟಿಕ್) ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಬಿಟ್ಟು ಅಳೆಯುವುದು ರೂಢಿ. ಕ್ಲಾಸಿಕ್ 350ರಂಥವುಗಳಲ್ಲಿ ಪಕ್ಕದ ಗಾಜಿನ ಕಿಟಕಿಯಲ್ಲೇ ಮಟ್ಟ ಕಾಣುತ್ತದೆ, ಬೈಕ್ ಮಾತ್ರ ಓರೆಯಾಗಿರಬಾರದು.

ತೊಳೆದ ಮೇಲೆ ಚೈನ್, ಚೈನಿನ ನಂತರ ಬ್ರೇಕ್

ನೀರು ಹೊಡೆಯುವುದು ಚೈನಿಗೆ ಎಣ್ಣೆ ಹಾಕುವ ಮೊದಲೇ ಆಗಿರಲಿ. ಅನೇಕ ಕಡೆ ಎಲ್ಲ ಕೆಲಸ ಮುಗಿಸಿ, ಕೊನೆಗೆ ಗ್ರಾಹಕರಿಗೆ ಹೊಳೆಯುವ ಬೈಕ್ ಕೊಡಲೆಂದು ತೊಳೆಯುತ್ತಾರೆ. ಹಾಕಿದ ಎಣ್ಣೆಯೆಲ್ಲ ಮೋರಿಗೆ ಹೋಗುತ್ತದೆ. ಜೋರು ನೀರಿನ ಧಾರೆಯನ್ನು ಚಕ್ರದ ಬೇರಿಂಗ್, ಹ್ಯಾಂಡಲಿನ ಬುಡ, ವೈರುಗಳ ಕನೆಕ್ಟರ್ ಕಡೆಗೆ ನೇರವಾಗಿ ಹಿಡಿಯಬೇಡಿ ಎಂದೂ ಹೇಳಿ.

ಹೊಸ ಚೈನ್ ಮೊದಲ ದಿನಗಳಲ್ಲೇ ಹೆಚ್ಚು ಸಡಿಲವಾಗುತ್ತದೆ. ಕೆಳಭಾಗದ ನಡುವೆ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಎಷ್ಟು ಚಲಿಸುತ್ತದೆ ಎಂದು ಅಳೆಯಬೇಕು. ಎಷ್ಟು ಮಿಲಿಮೀಟರ್ ಇರಬೇಕೆಂದು ಮ್ಯಾನ್ಯುಯಲ್‌ನಲ್ಲೂ, ಕೆಲವು ಬೈಕುಗಳಲ್ಲಿ ಚೈನ್ ಪಕ್ಕದ ಸ್ಟಿಕ್ಕರಿನಲ್ಲೂ ಇರುತ್ತದೆ. ಚಕ್ರ ತಿರುಗಿಸುತ್ತ ನಾಲ್ಕಾರು ಜಾಗದಲ್ಲಿ ನೋಡಿ, ಅತಿ ಬಿಗಿಯಾದ ಜಾಗದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ತಂತಿಯಂತೆ ಬಿಗಿ ಮಾಡಿಸಿಕೊಳ್ಳುವವರಿದ್ದಾರೆ. ಇಬ್ಬರು ಕೂತು ಹಿಂದಿನ ಸಸ್ಪೆನ್ಷನ್ ಕುಸಿದಾಗ ಅದು ಇನ್ನೂ ಬಿಗಿದು ಗೇರ್ ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಓ-ರಿಂಗ್ (ಕೊಂಡಿಗಳ ನಡುವಿನ ರಬ್ಬರ್ ಉಂಗುರ) ಇರುವ ಚೈನನ್ನು ಪೆಟ್ರೋಲಿನಿಂದಾಗಲಿ ತಂತಿ ಬ್ರಷ್ಷಿನಿಂದಾಗಲಿ ಉಜ್ಜಲು ಬಿಡಬೇಡಿ, ರಬ್ಬರ್ ಹಾಳಾಗುತ್ತದೆ.

ಚೈನ್ ಬಿಗಿ ಮಾಡಿದಾಗ ಹಿಂದಿನ ಚಕ್ರ ಹಿಂದಕ್ಕೆ ಸರಿಯುತ್ತದೆ. ಡ್ರಮ್ ಬ್ರೇಕ್ ಇರುವ ಬೈಕಿನಲ್ಲಿ ಅದರೊಂದಿಗೆ ಬ್ರೇಕ್ ರಾಡಿನ ಸಡಿಲವೂ ಬದಲಾಗುತ್ತದೆ. ಆದ್ದರಿಂದ ಹಿಂದಿನ ಬ್ರೇಕ್ ಹೊಂದಿಸುವುದು ಚೈನಿನ ನಂತರವೇ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದಾಗ ಎಲ್ಲೂ ತಾಗದೆ ಸುತ್ತಬೇಕು, ಪೆಡಲ್ ಒತ್ತಿದಾಗ ಬ್ರೇಕ್ ದೀಪ ಹೊತ್ತಬೇಕು. ಆಕ್ಸಲ್ ನಟ್ ಮರಳಿ ಬಿಗಿಯಾಯಿತೇ ಎಂದು ಬಾಯಿಬಿಟ್ಟು ಕೇಳಿ. ಜೀವದ ಪ್ರಶ್ನೆ ಇದು.

ಉಳಿದವಕ್ಕೆ ಹೆಚ್ಚು ಹೊತ್ತು ಬೇಡ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಆಡಿಸಿದಾಗ ಹ್ಯಾಂಡಲಿನ ಬುಡದಲ್ಲಿ ‘ಟಕ್’ ಎಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲವಾಗಿದೆ. ಕಡ್ಡಿ ಚಕ್ರವಾದರೆ ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಸದ್ದು ಮಂಕಾಗಿ ಬಂದ ಕಡ್ಡಿ ಸಡಿಲ. ಕ್ಲಚ್ ಲಿವರಿನ ಸಡಿಲ, ಬ್ಯಾಟರಿ ಟರ್ಮಿನಲ್, ಬ್ರೇಕ್ ಫ್ಲೂಯಿಡ್ ಮಟ್ಟ, ಹೆಡ್‌ಲೈಟಿನ ಎತ್ತರ ನೋಡಿಸಿ. ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ಮ್ಯಾನ್ಯುಯಲ್‌ನಲ್ಲಿರುವ ಅಂಕಿಗೆ ಸರಿಪಡಿಸಿ. ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಕಾರ್ಬ್ಯುರೇಟರ್ ಕಾಲದಂತೆ ಸ್ಕ್ರೂ ತಿರುಗಿಸಿ ಮೈಲೇಜ್ ಏರಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಬಿಲ್ ಮತ್ತು ಮರುದಿನ

ಉಚಿತ ಸರ್ವೀಸಿನಲ್ಲಿ ಕೂಲಿ ಮಾತ್ರ ಉಚಿತ. ಆಯಿಲ್, ಫಿಲ್ಟರ್, ವಾಷರ್ ಮುಂತಾದವಕ್ಕೆ ಹಣ ಕೊಡಬೇಕಾಗುತ್ತದೆ, ಅದು ನ್ಯಾಯವೇ. ಎಂಜಿನ್ ಕೋಟಿಂಗ್, ಆಯಿಲಿಗೆ ಬೆರೆಸುವ ವಿಶೇಷ ದ್ರಾವಣ, ಟೆಫ್ಲಾನ್ ಪಾಲಿಷ್ ಎಂದು ಪಟ್ಟಿ ಬೆಳೆದರೆ, ಮ್ಯಾನ್ಯುಯಲ್‌ನ ಪುಟ ತೋರಿಸಿ ಬೇಡ ಎನ್ನಿ. ಸರ್ವೀಸ್ ಪುಸ್ತಕದಲ್ಲಿ ದಿನಾಂಕ, ಮೀಟರ್ ಅಂಕಿ, ಮೊಹರು ಮೂರೂ ಬಿದ್ದಿರಬೇಕು. ಹೊರಡುವ ಮುನ್ನ ಒಂದು ಸುತ್ತು ಓಡಿಸಿ ನೋಡಿ. ದೂರು ಇದ್ದರೆ ಆಗಲೇ ಹೇಳುವುದು ಮನೆಗೆ ಬಂದು ಫೋನ್ ಮಾಡುವುದಕ್ಕಿಂತ ಮೇಲು.

ಮುಂದೆ ಎಂದಾದರೂ ಆಯಿಲನ್ನು ಮನೆಯಲ್ಲೇ ಬದಲಿಸಿದರೆ ಹಳೆಯದನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯಬೇಡಿ. 2016ರ ಕೇಂದ್ರ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿದೆ. ಡಬ್ಬಿಯಲ್ಲಿ ತುಂಬಿ ಸರ್ವೀಸ್ ಸೆಂಟರಿಗೇ ಒಪ್ಪಿಸಿ.

ಮನೆಗೆ ತಂದ ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ. ಬೆಳಿಗ್ಗೆ ಅದರ ಮೇಲೆ ಆಯಿಲಿನ ಕಲೆ ಇದ್ದರೆ ಡ್ರೈನ್ ಬೋಲ್ಟಿನಲ್ಲೋ ಫಿಲ್ಟರಿನ ಮುಚ್ಚಳದಲ್ಲೋ ಸೋರಿಕೆ ಇದೆ. ಮಟ್ಟ ನೋಡಿಕೊಂಡು ಅಂದೇ ವಾಪಸ್ ತೋರಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಮಟ್ಟವನ್ನೂ ಚೈನನ್ನೂ ಇನ್ನೊಮ್ಮೆ ನೋಡಿ.