ರಾತ್ರಿಯ ಅರ್ಧ ಮಾತ್ರೆ: ನನ್ನ ಅನುಭವ

ಮೈಸೂರಿನ ನಮ್ಮ ಡೇ ಕೇರ್ ವಾರ್ಡಿನಲ್ಲಿ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ಹಾಕಿಸಿಕೊಂಡು ಊರಿಗೆ ಹೋದವರಿಂದ ವಾಂತಿಯೆಂದು ಫೋನು ಬರುತ್ತಿದ್ದುದು ಅಂದಲ್ಲ, ಮೂರನೆಯ ದಿನ. ವಾಂತಿ ತಡೆಯಲು ಕೊಡುವ ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಮೊದಲ ದಿನವನ್ನು ಹೇಗೋ ದಾಟಿಸುತ್ತಿದ್ದವು. ಆಮೇಲಿನ ವಾಕರಿಕೆಗೆ ಅವು ಸಾಲುತ್ತಿರಲಿಲ್ಲ. ಅದಕ್ಕೆಂದೇ ಇರುವ ಅಪ್ರೆಪಿಟೆಂಟ್ ಬರೆದುಕೊಟ್ಟಾಗ, ಮೂರು ಕ್ಯಾಪ್ಸೂಲಿನ ಬೆಲೆ ಕೇಳಿದ ಮಳವಳ್ಳಿ ಕಡೆಯ ಕಬ್ಬು ಬೆಳೆಗಾರರೊಬ್ಬರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ಮುಂದಿನ ಸರದಿಗೆ ಬಂದಾಗ ಅವರ ಮಗ, "ಭಂಗಿಸೊಪ್ಪು ಕೊಟ್ಟರೆ ವಾಂತಿ ನಿಲ್ಲುತ್ತದಂತಲ್ಲ ಸಾರ್" ಎಂದು ಕೇಳಿದ. ಮಾತಿನಲ್ಲಿ ಹುರುಳಿತ್ತು. ಅಮೆರಿಕದಲ್ಲಿ ಭಂಗಿಯ ಮತ್ತಿನ ಅಂಶದ ಮಾದರಿಯಲ್ಲಿ ತಯಾರಿಸಿದ ಡ್ರೊನಾಬಿನಾಲ್, ನ್ಯಾಬಿಲೋನ್‌ಗಳಿಗೆ ಇದೇ ಕೆಲಸಕ್ಕಾಗಿ 1985ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಡ್ರೊನಾಬಿನಾಲ್‌ನೊಂದಿಗೆ ವಾಂತಿ ತಡೆಯುವ ಹಳೆಯ ಔಷಧಿ ಪ್ರೊಕ್ಲೋರ್‌ಪೆರಜೀನ್ ಸೇರಿಸಿದರೆ ಎರಡನ್ನೂ ಬಿಡಿಯಾಗಿ ಕೊಟ್ಟದ್ದಕ್ಕಿಂತ ಮೇಲೆಂಬ ವರದಿಯೂ 1991ರಲ್ಲಿ ಬಂದಿತ್ತು. ಆದರೆ ಅಳತೆಯಿಲ್ಲದ ಸೊಪ್ಪಿಗೂ ಅಳೆದ ಕ್ಯಾಪ್ಸೂಲಿಗೂ ಅಜಗಜಾಂತರವೆಂದು ಹೇಳಿ ಕಳುಹಿಸಿದೆ. ಅವರು ಕೇಳಲಿಲ್ಲ, ಹಾಲಿನಲ್ಲಿ ಕದಡಿ ಕುಡಿಸಿದರು. ನಾನು ಬರೆದಿದ್ದ 10 ಮಿ.ಗ್ರಾಂ ಒಲಾಂಜಪಿನ್ (ಮನೋರೋಗಕ್ಕೆ ಕೊಡುವ, ವಾಂತಿಯನ್ನೂ ತಡೆಯುವ ಮಾತ್ರೆ) ಅದರೊಂದಿಗೆ ಸೇರಿ ರೋಗಿ ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಎದ್ದು ನಿಂತೊಡನೆ ಬಿ.ಪಿ. ಇಳಿದು ಬಚ್ಚಲ ಬಾಗಿಲಲ್ಲೇ ಬಿದ್ದರು. ವಾಂತಿ ಮಾತ್ರ ಆಗಿರಲಿಲ್ಲ!

ತಪ್ಪು ಸೊಪ್ಪಿನದು ಮಾತ್ರವಲ್ಲ, ನನ್ನ ಪ್ರಮಾಣದ್ದೂ ಹೌದು. ಸೊಪ್ಪನ್ನು ಬಿಡಿಸಿ ಒಲಾಂಜಪಿನ್ ಅನ್ನು 5ಕ್ಕೆ ಇಳಿಸಿದಾಗಲೂ ವಯಸ್ಸಾದವರು ತೂಕಡಿಸುತ್ತಿದ್ದರು. ಆಗ 5ರ ಮಾತ್ರೆಯನ್ನು ಅರ್ಧ ಮಾಡಿ, ನಾಲ್ಕು ರಾತ್ರಿ ಕೊಡತೊಡಗಿದೆ. "ಅಷ್ಟರಲ್ಲಿ ಏನಾದೀತು?" ಎಂದು ಸಹೋದ್ಯೋಗಿಗಳು ನಕ್ಕರು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ವಾಂತಿ ತಡೆಯುವುದರಲ್ಲಿ 2.5 ಮಿ.ಗ್ರಾಂ ಪ್ರಮಾಣವು 10ಕ್ಕಿಂತ ಹಿಂದೇನಲ್ಲ, ಮಂಪರೂ ಕಡಿಮೆ ಎಂದು 2024ರಲ್ಲಿ ಪ್ರಕಟಿಸಿದ ಮೇಲೆ ಆ ನಗು ನಿಂತಿತು.

ಈಗ ಒಂಡಾನ್ಸೆಟ್ರಾನ್ ಜಾತಿಯದೇ ಆದ ಪಾಲೊನೊಸೆಟ್ರಾನ್, ಅಪ್ರೆಪಿಟೆಂಟ್, ಡೆಕ್ಸಾ (ಡೆಕ್ಸಾಮೆಥಾಸೋನ್) 12 ಮಿ.ಗ್ರಾಂ, ಜೊತೆಗೆ ಅರ್ಧ ಮಾತ್ರೆ. ಅಪ್ರೆಪಿಟೆಂಟ್ ಕೊಳ್ಳಲಾಗದವರಿಗೆ ಉಳಿದ ಮೂರನ್ನೇ ಕೊಡುತ್ತೇನೆ, ಡೆಕ್ಸಾವನ್ನು 20ಕ್ಕೆ ಏರಿಸುವುದನ್ನು ಮರೆಯುವುದಿಲ್ಲ. ನೆನಪಿನ ಲೆಕ್ಕದಲ್ಲಿ ಈವರೆಗೆ ನಲವತ್ತು ಮಂದಿಯಾದರೂ ಆಗಿದ್ದಾರೆ. ಮೂರನೆಯ ದಿನದ ಫೋನು ಈಗ ಅಪರೂಪ. ಖರ್ಚಿನ ಮಾತಾದರೆ, ನಾಲ್ಕು ರಾತ್ರಿಯ ಮಾತ್ರೆಗೆ ಒಂದು ಮಸಾಲೆ ದೋಸೆಯ ಹಣವೂ ಆಗುವುದಿಲ್ಲ.

ಶುಂಠಿ-ಬೆಲ್ಲವನ್ನೂ ಪ್ರಯೋಗಿಸಿದೆ, ಬಾಯಿರುಚಿ ಮರಳಿತೇ ಹೊರತು ಸಿಸ್ಪ್ಲಾಟಿನ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಸಾಂಬಾರಿನ ಕ್ಯಾರಿಯರುಗಳನ್ನು ವಾರ್ಡಿನಿಂದಾಚೆ ಇಡಿಸಿದ್ದು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಅನಿರೀಕ್ಷಿತ ತೊಡಕು ಮೆಡಿಕಲ್ ಶಾಪಿನಲ್ಲಿತ್ತು: "ಇದು ತಲೆ ಕೆಟ್ಟವರ ಮಾತ್ರೆ" ಎನ್ನಿಸಿಕೊಂಡು ಇಬ್ಬರು ಬರಿಗೈಯಲ್ಲಿ ವಾಪಸಾದರು. ಅಂದಿನಿಂದ ಚೀಟಿಯ ಮೇಲೆ ಕನ್ನಡದಲ್ಲಿ "ವಾಂತಿಗೆ" ಎಂದು ದೊಡ್ಡದಾಗಿ ಬರೆಯುತ್ತೇನೆ. ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗಿಸಬೇಕೆಂಬುದನ್ನು ಮಾತ್ರ ಸದ್ಯಕ್ಕೆ ನಮ್ಮ ಸಿಸ್ಟರುಗಳಿಗಷ್ಟೇ ಹೇಳಿಕೊಟ್ಟಿದ್ದೇನೆ.