ಬಾದಾಮಿ ಬಂಡೆ ಹತ್ತುವಾಗ ಕಣ್ಣು ಕಾಲ ಮೇಲಿರಲಿ

ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಕಾಲು ಜಾರುತ್ತಿದ್ದರೆ ಇಷ್ಟು ಮಾಡಿ: ಕಾಲ ಹೆಬ್ಬೆರಳು ಬಂಡೆಯ ಅಂಚಿನ ಮೇಲೆ ಕೂತು, ಮೈಭಾರ ಅದರ ಮೇಲೆ ಬೀಳುವವರೆಗೂ ಅಲ್ಲಿಂದ ಕಣ್ಣು ತೆಗೆಯಬೇಡಿ, ಆಮೇಲಷ್ಟೇ ಕೈ ಚಾಚಿ. ಸಾಮಾನ್ಯವಾಗಿ ಶೂ ತಾಗುವ ಅರೆಕ್ಷಣ ಮುಂಚೆಯೇ ನೋಟ ಮೇಲಿನ ಹಿಡಿಕೆಗೆ ಹೋಗಿರುತ್ತದೆ. ಆಗ ಕಾಲು ಬಂಡೆಗೆ ಉಜ್ಜಿಕೊಂಡು ಇಳಿಯುತ್ತದೆ, ಉದುರಿದ ಮರಳಿನ ಕಾಳುಗಳ ಮೇಲೆ ರಬ್ಬರ್ ಜಾರುತ್ತದೆ. ಹತ್ತುವ ಮುಂಚೆ ಶೂ ತಳವನ್ನು ಅಂಗೈಯಿಂದ ಉಜ್ಜಿ, ‘ಕಿರ್’ ಅನ್ನಬೇಕು. ಅಭ್ಯಾಸಕ್ಕೆ ನಿಮ್ಮ ಮಿತಿಗಿಂತ 2 ಗ್ರೇಡ್ (ಕಷ್ಟದ ಮಟ್ಟ) ಕೆಳಗಿನ ರೂಟ್ (ಹತ್ತುವ ದಾರಿ), ಮೇಲಿನಿಂದ ಬಿಟ್ಟ ಹಗ್ಗದ ಆಸರೆಯಲ್ಲಿ, ಅಂದರೆ ಟಾಪ್‌ರೋಪ್‌ನಲ್ಲಿ, 3 ಸಲ. ಶೂ ಸದ್ದು ಮಾಡಿತೋ, ಆ ಹೆಜ್ಜೆ ವಾಪಸ್ ತೆಗೆದು ಮತ್ತೆ ಇಡಿ. ಬೋರು ಹೊಡೆಯುತ್ತದೆ, ನಿಜ. ಆದರೂ ಹೊಸಬರಿಗೆ ಬೆರಳಿನ ಕಸರತ್ತಿಗಿಂತ ಇದೇ ವಾಸಿ. ಅಂಚೇ ಇಲ್ಲದ ಇಳಿಜಾರು ಬಂಡೆಯಲ್ಲಿ ಹೆಬ್ಬೆರಳ ತುದಿ ಸಾಲದು, ಹಿಮ್ಮಡಿ ಇಳಿಸಿ ಶೂನ ಮುಂಭಾಗ ಪೂರ್ತಿ ಒತ್ತಬೇಕು. ಎಗರಿ ಹಿಡಿಯುವ ಕಡೆ ಈ ಉಪಾಯ ನಡೆಯುವುದಿಲ್ಲ. ಮಳೆಯಲ್ಲಿ ನೆಂದ ಬಂಡೆಯನ್ನಂತೂ ಹತ್ತಲೇಬೇಡಿ: ಒದ್ದೆ ಮರಳುಗಲ್ಲು ಬಲ ಕಳೆದುಕೊಂಡು ಹಿಡಿಕೆಯೇ ಕಿತ್ತು ಬರಬಹುದು, ಮೇಲ್ಮೈ ಒಣಗಿದ್ದರೂ ಒಳಗೆ ತೇವ ಉಳಿದಿರಬಹುದು.