ಹೊಸ ಲಾಯದಲ್ಲಿ ನೀರು ಮುಟ್ಟದ ಕುದುರೆ: ನನ್ನ ಅನುಭವ

ಬೆಂಗಳೂರಿನಲ್ಲಿ ಓಟದಿಂದ ನಿವೃತ್ತಿಯಾದ ಏಳು ವರ್ಷದ ಹೆಣ್ಣುಕುದುರೆಯೊಂದನ್ನು ಮೈಸೂರಿನ ಹೊರವಲಯದ ನಮ್ಮ ಲಾಯಕ್ಕೆ ತಂದ ದಿನ, ಅದು ರಾತ್ರಿಯಿಡೀ ಕೆನೆಯುತ್ತ, ಬಾಗಿಲ ಬಳಿ ಅತ್ತಿಂದಿತ್ತ ತೂಗಾಡುತ್ತ ನಿಂತಿತ್ತು. ಬೆಳಿಗ್ಗೆ ನೋಡಿದರೆ ಹುಲ್ಲು ಹಾಕಿದಂತೆಯೇ ಇತ್ತು. ಬಕೆಟ್ಟಿನ ನೀರು ನಾಲ್ಕು ಬೆರಳಿನಷ್ಟೂ ಇಳಿದಿರಲಿಲ್ಲ. ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕಾದ ಪ್ರಾಣಿ ಕುಡಿಯದಿದ್ದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆಶೂಲೆ ಬರಬಹುದೆಂಬುದೇ ನನ್ನ ದೊಡ್ಡ ಭಯವಾಗಿತ್ತು.

ತಪ್ಪು ನಮ್ಮದೇ. ಸೋಂಕು ಹರಡದಂತೆ ಮೂರು ವಾರ ಪ್ರತ್ಯೇಕವಾಗಿಡಬೇಕೆಂಬುದು ಸರಿಯಾದರೂ, ಬೇರೆ ಒಂದು ಕುದುರೆಯೂ ಕಣ್ಣಿಗೆ ಬೀಳದ ಹಿಂಬದಿಯ ಕೋಣೆಯಲ್ಲಿ ಅದನ್ನು ಕಟ್ಟಿದ್ದೆವು. ಹಿಂಡಿನಲ್ಲಿ ಬಾಳುವ ಜೀವಕ್ಕೆ ಅದು ನಿಜಕ್ಕೂ ಕ್ರೂರವಾಗಿತ್ತು. ಅಂದೇ ಅಂಗಳದತ್ತ ಮುಖಮಾಡಿದ ಕೋಣೆಗೆ ಬದಲಾಯಿಸಿ, ಮೂಗು ತಾಗದಷ್ಟು ದೂರದಲ್ಲಿ, ಎದುರಿಗೇ ನಮ್ಮ ಸಾಧು ಸ್ವಭಾವದ ಮುದಿ ಕುದುರೆಯನ್ನು ಕಟ್ಟಿದೆವು. ಬಕೆಟ್ಟು, ಬ್ರಷ್ಷುಗಳನ್ನು ಮಾತ್ರ ಬೇರೆಯಾಗಿಯೇ ಇಟ್ಟೆವು.

ಹಳೆಯ ಲಾಯದ ಒಣಹುಲ್ಲನ್ನೇ ತರಿಸಿ, ನೀರಿನಲ್ಲಿ ನೆನೆಸಿ ಕೊಟ್ಟೆವು. ಹತ್ತು ದಿನಗಳಲ್ಲಿ ನಮ್ಮ ಹುಲ್ಲನ್ನೂ ಕುದುರೆಮಸಾಲೆ (ಲೂಸರ್ನ್ ಎಂಬ ಮೇವು) ಸೊಪ್ಪನ್ನೂ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬಂದೆವು. ಕುಡಿಯುವ ನೀರಿಗೆ ಒಂದು ಹಿಡಿ ಗೋಧಿ ಬೂಸಾ ಹಾಕಿ, ಪಕ್ಕದಲ್ಲಿ ಬರಿಯ ನೀರನ್ನೂ ಇಟ್ಟೆವು. ಮೇವು ಹಾಕುವವನು ಒಬ್ಬನೇ, ಹೊತ್ತೂ ಒಂದೇ. ಸವಾರಿಯ ಮಾತೇ ಇರಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಹೋದಾಗ ಬೂಸಾದ ಬಕೆಟ್ಟು ಬರಿದಾಗಿತ್ತು, ಗಲ್ಲದ ಕೂದಲಿಗೆ ಬೂಸಾ ಮೆತ್ತಿಕೊಂಡಿತ್ತು. ನೆಲದ ಮೇಲೆ ತೇವವಿದ್ದ, ಮೆದುವಾದ ಲದ್ದಿ ಬಿದ್ದಿತ್ತು.